ಎರಡು ನಿಮಿಷ ಮೆಟ್ಟಿಲು ಹತ್ತಿದರೂ ಒಂದು ಗೆರೆ ಹಾಕಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಆರೋಗ್ಯ ಪುಟವನ್ನು ನಾನು ತಪ್ಪದೆ ಓದುತ್ತೇನೆ. ದಿನಕ್ಕೆ 10,000 ಹೆಜ್ಜೆ, ಬೆಳಿಗ್ಗೆ ಮುಕ್ಕಾಲು ಗಂಟೆ ನಡಿಗೆ ಅಂತ ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಆಗುವವರು ಮಾಡಲಿ, ಒಳ್ಳೆಯದೇ. ಆದರೆ ಅಷ್ಟು ಆಗದವರ ಗತಿ ಏನು? ಎರಡು ನಿಮಿಷ ಮೆಟ್ಟಿಲು ಹತ್ತಿದ್ದು, ಊಟ ಆದ ಮೇಲೆ ಓಣಿಯಲ್ಲಿ ಹತ್ತು ನಿಮಿಷ ತಿರುಗಾಡಿದ್ದು ವ್ಯಾಯಾಮದ ಲೆಕ್ಕಕ್ಕೆ ಬರುತ್ತಾ ಇಲ್ವಾ, ಬಂದರೆ ಅದನ್ನು ಬರೆದಿಡಬೇಕಾ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಬರೆದಿಡಬೇಕು ಅನ್ನುವುದು ನನ್ನ ಅನುಭವ. ಎಷ್ಟು ಸಲ ಅನ್ನೋದಷ್ಟನ್ನೇ ಬರೆದಿಟ್ಟರೆ ಸಾಕು, ನಿಮಿಷ, ಹೆಜ್ಜೆಗಳ ಗೊಡವೆ ಬೇಡ. ಯಾಕೆ ಅಂತ ಹೇಳಲು ಈ ಪತ್ರ.

ನಾನು ಇಲ್ಲಿ ಕಲಬುರಗಿಯ ನೆಹರು ಗಂಜ್‌ನ ಒಂದು ಅಡತ್ ಅಂಗಡಿಯಲ್ಲಿ, ಅಂದರೆ ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಸುವ ಅಂಗಡಿಯಲ್ಲಿ, ಲೆಕ್ಕ ಬರೆಯುವವನು. ವಯಸ್ಸು 54. ಬೆಳಿಗ್ಗೆ ಗಾದಿ ಮೇಲೆ ಕೂತರೆ ರಾತ್ರಿ ಎಂಟೂವರೆಗೆ ಏಳುವುದು, ತೊಗರಿ ಸುಗ್ಗಿಯಲ್ಲಿ ಇನ್ನೂ ತಡ. ಮೂರು ವರ್ಷದ ಹಿಂದೆ ಶುಗರ್ ಬಂತು. ಡಾಕ್ಟರು ಗುಳಿಗೆ ಬರೆದುಕೊಟ್ಟು, ದಿನಾ 45 ನಿಮಿಷ ನಡೀರಿ ಅಂದರು. ನಾನು ಲೆಕ್ಕದವನಲ್ವಾ, ಅಂದೇ ಒಂದು ವಹಿ ಮಾಡಿದೆ. ನಡೆದ ದಿನ 45, ನಡೆಯದ ದಿನ ಸೊನ್ನೆ.

ಮೊದಲ ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಸುಗ್ಗಿ ಬಂತು, ಅದರ ಬೆನ್ನಿಗೆ ಮದುವೆಗಳು ಬಂದವು, ಅದರ ಬೆನ್ನಿಗೆ ಬಿಸಿಲು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಏಪ್ರಿಲ್, ಮೇ ಬಂದರೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುವ ಊರು ಇದು. ಸಂಜೆ ಅಪ್ಪನ ಕೆರೆ ದಂಡೆಗೋ ಪಬ್ಲಿಕ್ ಗಾರ್ಡನ್ನಿಗೋ ಹೋಗೋಣ ಅಂದರೆ ಅಂಗಡಿ ಬಿಡುವ ಹೊತ್ತಿಗೆ ರಾತ್ರಿ ಆಗಿರುತ್ತದೆ. ವಹಿಯಲ್ಲಿ ಸೊನ್ನೆ ಕೆಳಗೆ ಸೊನ್ನೆ, ಅದರ ಕೆಳಗೆ ಇನ್ನೊಂದು ಸೊನ್ನೆ. ಕೊನೆಗೆ ಆ ವಹಿ ತೆರೆಯುವುದಕ್ಕೇ ಬೇಜಾರಾಗಿ ಮೂಲೆಗೆ ಸೇರಿಸಿದೆ. ನಡೆಯುವುದೂ ನಿಂತಿತು.

ಆ ಸೊನ್ನೆಯ ದಿನಗಳಲ್ಲೂ ಗೋದಾಮಿನ ಮೇಲಂತಸ್ತಿಗೆ ಸ್ಟಾಕ್ ನೋಡಲು ನಾನು ನಾಲ್ಕೈದು ಸಲ ಹತ್ತಿ ಇಳಿದಿದ್ದೆ. 22 ಮೆಟ್ಟಿಲು, ಕಡಿದಾಗಿವೆ, ಮೇಲೆ ಮುಟ್ಟುವಷ್ಟರಲ್ಲಿ ಏದುಸಿರು ಬರುತ್ತದೆ. ಅದನ್ನು ಒಂದು ದಿನವೂ ವಹಿಯಲ್ಲಿ ಹಿಡಿದಿರಲಿಲ್ಲ. ಅದು ಕೆಲಸ, ವ್ಯಾಯಾಮ ಅಲ್ಲ ಅಂತ ತಲೆಯಲ್ಲಿ ಕೂತಿತ್ತು.

ಹಾಗೆ ಕೂರಲು ಕಾರಣವೂ ಇತ್ತು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಕೊಟ್ಟ ಸಲಹೆಯಲ್ಲಿ ವ್ಯಾಯಾಮ ಒಂದೇ ಸಮನೆ ಕನಿಷ್ಠ 10 ನಿಮಿಷ ಆಗಿರಬೇಕು ಅಂತ ಇತ್ತು. ಅದಕ್ಕಿಂತ ಚಿಕ್ಕದು ಲೆಕ್ಕಕ್ಕಿಲ್ಲ. ನರ್ಸಿಂಗ್ ಓದುತ್ತಿರುವ ಮಗಳು ಒಂದು ದಿನ ನನ್ನ ಹಳೆಯ ವಹಿ ತಿರುವಿ ಹಾಕಿ, "ಅಪ್ಪಾ, ಆ ಹತ್ತು ನಿಮಿಷದ ಮಾತು ತೆಗೆದು ಹಾಕ್ಯಾರ, ನಿಂದಿನ್ನೂ ಹಳೀ ಲೆಕ್ಕ ನಡದದ" ಅಂದಳು. ಅವಳು ಹೇಳಿದ್ದು ನಿಜ. 2018ರಲ್ಲಿ ಅಮೆರಿಕದವರು ಆ ಷರತ್ತು ಕೈಬಿಟ್ಟರು, 2020ರ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಬಿಟ್ಟಿತು. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ, ಇಲ್ಲವೇ 75ರಿಂದ 150 ನಿಮಿಷ ಜೋರಾದದ್ದು, ಇದು ಹಾಗೇ ಇದೆ. ಅದನ್ನು ಎಷ್ಟು ತುಂಡು ಮಾಡಿಯಾದರೂ ಮುಗಿಸಬಹುದು. ಇಷ್ಟು ದೊಡ್ಡ ಬದಲಾವಣೆ ಆಗಿ ವರ್ಷಗಳೇ ಕಳೆದರೂ ನಮ್ಮ ಗಂಜ್‌ನಲ್ಲಿ ಅದನ್ನು ಕೇಳಿದವರು ಒಬ್ಬರೂ ಸಿಗಲಿಲ್ಲ. ಈ ಪತ್ರಕ್ಕೆ ಮುಖ್ಯ ಕಾರಣ ಅದೇ.

10,000 ಹೆಜ್ಜೆಯ ಮಾತೂ ಅಷ್ಟೇ. 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮೀಟರು. ಆ ಸಂಖ್ಯೆ ಮಾರಾಟಕ್ಕೆ ಚೆನ್ನಾಗಿತ್ತು, ಜನರ ಬಾಯಲ್ಲಿ ಉಳಿಯಿತು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸರಾಸರಿ 72 ವಯಸ್ಸಿನ ಅಮೆರಿಕದ ಹೆಂಗಸರನ್ನು ನೋಡಿದಾಗ, ದಿನಕ್ಕೆ 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವಿನ ಪ್ರಮಾಣ ಕಡಿಮೆ ಇತ್ತು, 7,500 ಆದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. 10,000 ಮುಟ್ಟಲಿಲ್ಲ ಅಂತ ವಯಸ್ಸಾದವರು ಮನಸ್ಸು ಸಣ್ಣದು ಮಾಡಿಕೊಳ್ಳುವುದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

ಇನ್ನು ಚಿಕ್ಕ ಚಿಕ್ಕ ಕಸರತ್ತಿನ ವಿಷಯ. ಬ್ರಿಟನ್ನಿನಲ್ಲಿ ವ್ಯಾಯಾಮ ಮಾಡುವುದೇ ಇಲ್ಲ ಅಂತ ಹೇಳಿದ 25 ಸಾವಿರಕ್ಕೂ ಹೆಚ್ಚು ಜನರ ಮಣಿಕಟ್ಟಿಗೆ ಚಲನೆ ಅಳೆಯುವ ಯಂತ್ರ ಕಟ್ಟಿ, ಸುಮಾರು ಏಳು ವರ್ಷ ಅವರ ಆರೋಗ್ಯದ ಮೇಲೆ ಕಣ್ಣಿಟ್ಟರು. 2022ರ ಡಿಸೆಂಬರಿನಲ್ಲಿ ಅದು ಪ್ರಕಟವಾಯಿತು. ಬಸ್ಸಿಗೆ ಓಡುವುದು, ಮೆಟ್ಟಿಲು ಸರಸರ ಹತ್ತುವುದು, ಇಂಥದ್ದು ಒಂದೆರಡು ನಿಮಿಷದಂತೆ ದಿನಕ್ಕೆ ಮೂರು ಸಲ ಆದವರಲ್ಲಿ, ಒಮ್ಮೆಯೂ ಆಗದವರಿಗೆ ಹೋಲಿಸಿದರೆ ಸಾವಿನ ಅಪಾಯ ಶೇ 38ರಿಂದ 40ರಷ್ಟು ಕಡಿಮೆ ಕಂಡಿತು. ಇದು ದೂರ ನಿಂತು ನೋಡಿದ ಅಧ್ಯಯನ, ಗಟ್ಟಿಮುಟ್ಟಾಗಿ ಇದ್ದವರೇ ಬಿರುಸಾಗಿ ಮೆಟ್ಟಿಲು ಹತ್ತಿರಬಹುದು, ಅದು ನನಗೂ ಗೊತ್ತು. ಆದರೂ ತಳ್ಳಿ ಹಾಕುವ ಮಾತಲ್ಲ. ನನಗೆ ಅದರಲ್ಲಿ ಹೆಚ್ಚು ಹಿಡಿಸಿದ್ದು ಇನ್ನೊಂದು ಸಂಗತಿ. ಬಾಯಿಬಿಟ್ಟು ಕೇಳಿದರೆ ಅವರೆಲ್ಲ ವ್ಯಾಯಾಮ ಇಲ್ಲ ಅಂದಿದ್ದರು. ಯಂತ್ರ ನೋಡಿದಾಗ ಇತ್ತು. ಮುಕ್ಕಾಲು ಗಂಟೆ ನಡೆದದ್ದು ಯಾರಿಗೂ ಮರೆಯುವುದಿಲ್ಲ, ಅದನ್ನು ಬರೆಯದಿದ್ದರೂ ನಡೆಯುತ್ತದೆ. ಒಂದು ನಿಮಿಷದ್ದು ಸಂಜೆಗೆ ನೆನಪೇ ಇರುವುದಿಲ್ಲ, ಹಾಗಾಗಿ ಬರೆದಿಡಬೇಕಾದದ್ದು ಅದನ್ನೇ.

ಹಾಗಾದರೆ ವಾಚು ಕಟ್ಟಿಕೊಂಡರೆ ಆಯಿತಲ್ವಾ ಅಂತ ಕೇಳಬಹುದು. ಅದನ್ನೂ ಮಾಡಿ ನೋಡಿದ್ದೇನೆ. ಮೈದುನ ಒಂದು ವಾಚು ಕೊಡಿಸಿದ. ಒಂದು ದಿನ ನನ್ನ ಹೆಂಡತಿ ಅದನ್ನು ಕಟ್ಟಿಕೊಂಡು ಒಲೆ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹನ್ನೆರಡು ರೊಟ್ಟಿ ಆಗುವಷ್ಟರಲ್ಲಿ ವಾಚು 600 ಹೆಜ್ಜೆ ತೋರಿಸಿತು. "ನೋಡ್ರಿ ಇಲ್ಲಿ, ನಾ ಕುಂತಲ್ಲೇ ನಡದೀನಂತ ಬರ್ಕೊಳ್ಳಲತ್ತದ" ಅಂದಳು. ಆಮೇಲೆ ಅದೇ ಕೈಯಲ್ಲಿ 20 ಲೀಟರಿನ ನೀರಿನ ಕ್ಯಾನು ಹಿಡಿದು ಮಾಳಿಗೆಗೆ ಹತ್ತಿದಳು, ಕೈ ಅಲುಗಾಡದ ಕಾರಣ ಹತ್ತು ಹೆಜ್ಜೆಯೂ ಏರಲಿಲ್ಲ. ಮಣಿಕಟ್ಟಿನ ವಾಚು ಹೆಜ್ಜೆ ಎಣಿಸುವುದು ಕೈ ಆಡಿದ್ದನ್ನು ನೋಡಿ, ಅದಕ್ಕೇ ಹಾಗೆ. ದೊಡ್ಡ ನಡಿಗೆಗೆ ಅದು ಪರವಾಗಿಲ್ಲ. ಒಂದು ನಿಮಿಷದ ಮೆಟ್ಟಿಲಿಗೆ ಅದರ ಎದೆಬಡಿತದ ಲೆಕ್ಕವೂ ಹಿಂದೆ ಬೀಳುತ್ತದೆ, ನಾವು ಇಳಿದು ಬಂದ ಮೇಲೆ ಅದು ಹತ್ತುತ್ತಿರುತ್ತದೆ.

ಹೀಗಾಗಿ ನಾನು ನನ್ನ ಕಸುಬಿನ ಪದ್ಧತಿಗೇ ಬಂದೆ. ಲಾರಿಗೆ ತೊಗರಿ ಚೀಲ ತುಂಬುವಾಗ ಹಮಾಲರು ಒಂದೊಂದು ಚೀಲ ಹೊತ್ತು ಹೋದ ಹಾಗೆ ನಾವು ಒಂದೊಂದು ಗೆರೆ ಎಳೆಯುತ್ತೇವೆ. ನಾಲ್ಕು ನಿಂತ ಗೆರೆ, ಐದನೆಯದು ಅಡ್ಡ. ಸಂಜೆಗೆ ಕಟ್ಟು ಎಣಿಸಿದರೆ ಲೆಕ್ಕ ಸಿಗುತ್ತದೆ, ಒಂದು ಚೀಲ ಆಚೀಚೆ ಆಗುವುದಿಲ್ಲ. ಹಾಗೇ ಕ್ಯಾಲೆಂಡರಿನ ತಾರೀಖಿನ ಮನೆಯಲ್ಲಿ ಪೆನ್ಸಿಲ್ ಗೆರೆ ಹಾಕತೊಡಗಿದೆ. ನಿಯಮ ಎರಡೇ. ಉಸಿರು ಏರಿ, ಮಾತು ತುಂಡು ತುಂಡಾಗಿ ಬರುವಷ್ಟು ಬಿರುಸಾಗಿದ್ದರೆ ಒಂದು ಗೆರೆ, ಅದು ಒಂದೇ ನಿಮಿಷ ಇದ್ದರೂ ಸರಿ. ಊಟ ಆಗಿ ಅರ್ಧ ಗಂಟೆಯೊಳಗೆ ಎದ್ದು ಹತ್ತು ಹದಿನೈದು ನಿಮಿಷ ತಿರುಗಾಡಿದರೆ ಒಂದು ಗೆರೆ, ಅದು ನಿಧಾನವಾಗಿದ್ದರೂ ಸರಿ. ದಿನಕ್ಕೆ ಒಂದು ಕಟ್ಟು ಆಗಬೇಕು ಅನ್ನುವುದು ನನ್ನ ಗುರಿ. ಐದು ಯಾಕೆ ಅಂದರೆ ಶಾಸ್ತ್ರ ಏನೂ ಇಲ್ಲ, ಅಡ್ಡಗೆರೆ ಎಳೆಯುವ ಖುಷಿ ಅಷ್ಟೇ.

ಊಟದ ನಂತರದ ನಡಿಗೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಶುಗರ್ ಇರುವವರಿಗೆ ಇದರಷ್ಟು ಬೇಗ ಕಣ್ಣಿಗೆ ಕಾಣುವ ಉಪಾಯ ನನಗೆ ಬೇರೆ ಸಿಕ್ಕಿಲ್ಲ. ಸ್ನಾಯು ದುಡಿಯುವಾಗ ಇನ್ಸುಲಿನ್‌ಗೆ ಕಾಯದೆ ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. 2013ರಲ್ಲಿ 60 ದಾಟಿದ ಹತ್ತು ಜನರ ಮೇಲೆ ಒಂದು ಚಿಕ್ಕ ಪ್ರಯೋಗ ಮಾಡಿದ್ದರು. ಮೂರು ಹೊತ್ತಿನ ಊಟದ ನಂತರ 15 ನಿಮಿಷದಂತೆ ನಡೆದರೆ, ಬೆಳಿಗ್ಗೆ ಒಮ್ಮೆಲೇ 45 ನಿಮಿಷ ನಡೆದಷ್ಟೇ ಗುಣ ಸಿಕ್ಕಿತು, ರಾತ್ರಿ ಊಟದ ನಂತರದ ಸಕ್ಕರೆ ಇಳಿಸಲು ಮಾತ್ರ ತುಂಡು ನಡಿಗೆಯೇ ಮೇಲಾಯಿತು. ನಾನೂ ಎರಡು ರವಿವಾರ ಮನೆಯಲ್ಲೇ ನೋಡಿದೆ. ಊಟ ಅದೇ, ಎರಡು ರೊಟ್ಟಿ, ಪುಂಡಿಪಲ್ಯ, ಒಂದು ಹಿಡಿ ಅನ್ನ, ತೊಗರಿ ಬೇಳೆ ಸಾರು. ಮೊದಲ ರವಿವಾರ ಉಂಡು ಕೂತೆ, ಎರಡು ಗಂಟೆ ಬಿಟ್ಟು ಬೆರಳಿಗೆ ಸೂಜಿ ಚುಚ್ಚಿ ನೋಡಿದರೆ 218. ಮರುವಾರ ಉಂಡು ಓಣಿಯ ಈ ತುದಿಯಿಂದ ಆ ತುದಿಗೆ ಕಾಲು ಗಂಟೆ ನಡೆದೆ, 176. ಒಬ್ಬನ ಎರಡು ದಿನದ ಲೆಕ್ಕ ಇದು, ಎಲ್ಲರಿಗೂ ಇಷ್ಟೇ ಇಳಿಯುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಆ 176 ನೋಡಿದ ಮೇಲೆ ಉಂಡು ಸುಮ್ನೆ ಕೂರಲು ಮನಸ್ಸು ಬರುವುದಿಲ್ಲ.

ನಮ್ಮ ಓಣಿಯ ನಿವೃತ್ತ ಮಾಸ್ತರರು ಇದನ್ನು ಒಪ್ಪುವುದಿಲ್ಲ. ಬರೆಯುತ್ತಾ ಕೂತರೆ ಬದುಕೆಲ್ಲ ಬರೀ ಲೆಕ್ಕ ಆಗುತ್ತೆ, ಸುಮ್ನೆ ಮಾಡ್ತಾ ಹೋಗ್ರಿ ಅನ್ನುತ್ತಾರೆ. ಅವರು ದಿನಾ ನಸುಕಿನಲ್ಲಿ ಎದ್ದು ಕೋಟೆಯ ಕಡೆ ನಡೆದು ಬರುವವರು, ಅವರಿಗೆ ಬರೆಯುವ ಅಗತ್ಯ ನಿಜಕ್ಕೂ ಇಲ್ಲ. ಅಂಗಡಿಯ ಹಮಾಲರಿಗೂ ಇಲ್ಲ. ಅವರಿಗೆ ಬೇಕಾದದ್ದು ನೆರಳು, ನೀರು, ವಿಶ್ರಾಂತಿ. ಇದು ಕೂತು ದುಡಿಯುವವರ ಮಾತು, ಟೈಲರಿಂಗ್ ಮಾಡುವವರು, ಕೌಂಟರಿನಲ್ಲಿ ಇರುವವರು, ಬಸ್ ಓಡಿಸುವವರು, ನನ್ನಂಥ ಗುಮಾಸ್ತರು. ಮನೆಯ ಹೆಂಗಸರ ಮಾತು ಕೂಡ. ನನ್ನ ಹೆಂಡತಿ ಈಗ ಅದೇ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ತನ್ನ ಗೆರೆ ಹಾಕುತ್ತಾಳೆ. ನೀರಿನ ಕ್ಯಾನಿಗೆ ಒಂದು, ಅಂಗಳ ಬಿರುಸಾಗಿ ಗುಡಿಸಿದ್ದಕ್ಕೆ ಒಂದು. ಮೊದಲ ವಾರವೇ ಅವಳ ಗೆರೆ ನನ್ನದಕ್ಕಿಂತ ಎರಡು ಪಟ್ಟು ಇತ್ತು. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿ ಅಷ್ಟು ದಿನ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಎಚ್ಚರಿಕೆಯ ಮಾತೂ ಇದೆ. ಎದೆ ನೋವು, ತಲೆಸುತ್ತು ಬರುವವರು, ಮೊಣಕಾಲು ಸವೆದವರು ಡಾಕ್ಟರನ್ನು ಕೇಳದೆ ಮೆಟ್ಟಿಲ ಮೇಲೆ ಬಿರುಸು ತೋರಿಸಬಾರದು. ಇನ್ಸುಲಿನ್ ಅಥವಾ ಸಕ್ಕರೆ ತೀರಾ ಇಳಿಸಬಲ್ಲ ಗುಳಿಗೆ ತೆಗೆದುಕೊಳ್ಳುವವರ ಜೇಬಿನಲ್ಲಿ ಒಂದು ಹಿಡಿ ಸಕ್ಕರೆ ಇರಲಿ. ಗೆರೆ ಬಿದ್ದಿದೆ ಅಂತ ಗುಳಿಗೆ ಬಿಡುವ ಹಾಗಿಲ್ಲ. ಬಿಡುವು ಸಿಕ್ಕ ದಿನ ಉದ್ದ ನಡಿಗೆಯೂ ಆಗಲಿ, ಅದಕ್ಕೆ ಇದು ಎದುರಾಳಿ ಅಲ್ಲ.

ಊರಿನ ಮಾತು ಒಂದು. ನಮ್ಮಲ್ಲಿ ಎಷ್ಟೋ ವಾಣಿಜ್ಯ ಸಂಕೀರ್ಣಗಳಲ್ಲಿ ಮೆಟ್ಟಿಲ ಮೇಲೆ ಖಾಲಿ ಡಬ್ಬ, ಚೀಲ ಪೇರಿಸಿಟ್ಟಿರುತ್ತಾರೆ, ಬಲ್ಬು ಉರಿಯುವುದಿಲ್ಲ, ಮೂಲೆಯಲ್ಲಿ ಗುಟ್ಕಾ ಉಗುಳು. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತೋಣ ಅಂದರೆ ಕಾಲಿಡಲು ಆಗುವುದಿಲ್ಲ. ಕಟ್ಟಡದವರು ಒಂದು ಬಲ್ಬು ಹಾಕಿ ಗುಡಿಸಿಟ್ಟರೆ ಸಾಕು.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ವಾರಕ್ಕೆ 150 ನಿಮಿಷ ಅಂತ ಅಚ್ಚು ಹಾಕುವಾಗ, ಅದನ್ನು ಒಂದೊಂದು ನಿಮಿಷದ ತುಂಡು ಮಾಡಿಯೂ ಕೂಡಿಸಬಹುದು ಅಂತ ಪಕ್ಕದಲ್ಲೇ ಒಂದು ಸಾಲು ಹಾಕಿ. ಆಗುವುದಾದರೆ ಯುಗಾದಿಗೆ ಮುಂಚೆ ಹಾಕಿ. ಆಮೇಲೆ ನಮ್ಮ ಕಡೆ ಬೆಳಗಿನ ಎಂಟಕ್ಕೇ ಬಿಸಿಲು ಏರುತ್ತದೆ, ಹೊರಗೆ ನಡೆಯುವುದನ್ನು ಜನ ಬಿಡುವುದು ಆ ದಿನಗಳಲ್ಲೇ.

ಇಂತಿ,
ಅಡತ್ ಅಂಗಡಿಯ ಒಬ್ಬ ಗುಮಾಸ್ತ
ನೆಹರು ಗಂಜ್, ಕಲಬುರಗಿ