ಗಿಡ ನೆಡುವ ಮೊದಲು, ಎದ್ದಿರುವ ಗಿಡ ಎಣಿಸಿ

ಮಾನ್ಯ ಸಂಪಾದಕರೇ,

ಮಳೆಗಾಲ ಹತ್ತಿರವಾದಂತೆ ನಮ್ಮ ಮಲೆನಾಡಿನ ತಾಲ್ಲೂಕುಗಳಲ್ಲಿ ಗಿಡ ನೆಡುವ ಕೆಲಸಕ್ಕೆ ತಯಾರಿ ಶುರುವಾಗುತ್ತದೆ. ಗುಂಡಿ ತೋಡಲು ಜೆಸಿಬಿ ಬೆಟ್ಟ ಏರುತ್ತದೆ, ನರ್ಸರಿಯಿಂದ ಪ್ಲಾಸ್ಟಿಕ್ ಚೀಲದ ಸಸಿಗಳು ಬರುತ್ತವೆ, ಜೂನ್ ತಿಂಗಳ ಪತ್ರಿಕೆಗಳಲ್ಲಿ ನೆಟ್ಟ ಸಸಿಗಳ ಸಂಖ್ಯೆ ಪ್ರಕಟವಾಗುತ್ತದೆ. ಗುಂಡಿ ತೋಡಿದ ಜಾಗದಲ್ಲಿ ಮೊದಲು ಏನಿತ್ತು ಎಂಬ ಲೆಕ್ಕ ಮಾತ್ರ ಎಲ್ಲಿಯೂ ಸಿಗುವುದಿಲ್ಲ. ಕಡಿದೋ, ಸೊಪ್ಪು ಸವರಿಯೋ, ಹಿಂದೆ ಕುಮರಿ ಬೇಸಾಯಕ್ಕೆ ಸುಟ್ಟೋ ಒಮ್ಮೆ ಬೋಳಾಗಿ, ಆಮೇಲೆ ತಾನಾಗಿಯೇ ಚಿಗುರಿ ಎದ್ದ ಮರುಹುಟ್ಟಿನ ಕಾಡನ್ನು ನಮ್ಮ ಕಡತಗಳು ‘ಅವನತ ಅರಣ್ಯ’, ಅಂದರೆ ಹಾಳಾದ ಕಾಡು, ಎಂಬ ಒಂದೇ ಹೆಸರಿನಲ್ಲಿ ಮುಗಿಸಿಬಿಡುತ್ತವೆ. ಅಂಥ ಜಾಗದಲ್ಲಿ ಹೊಸ ಸಸಿ ನೆಡುವ ಮೊದಲು, ಅಲ್ಲಿ ಈಗಾಗಲೇ ಎದ್ದಿರುವ ಗಿಡಗಳನ್ನು ಹೆಸರು ಹಿಡಿದು ಎಣಿಸಿ ದಾಖಲಿಸುವುದು ಕಡ್ಡಾಯವಾಗಬೇಕು ಎಂದು ಕೇಳುವುದಕ್ಕಾಗಿ ಈ ಪತ್ರ.

ಸಿದ್ದಾಪುರ ತಾಲ್ಲೂಕಿನ ನಮ್ಮ ಊರಿನಲ್ಲಿ ಅಡಿಕೆ ತೋಟಕ್ಕೆ ಹೊಂದಿಕೊಂಡ, ತೋಟಕ್ಕೆ ಸೊಪ್ಪು ಒದಗಿಸುವ ಸೊಪ್ಪಿನಬೆಟ್ಟವಿದೆ. ತಲೆಮಾರುಗಳಿಂದ ಸೊಪ್ಪು ಸವರಿ ಸವರಿ ಅಲ್ಲಿನ ಮತ್ತಿ, ಹೊನಗಲು ಮರಗಳು ಕಂಬ ನಿಲ್ಲಿಸಿದಂತೆ ಕಾಣುತ್ತಿದ್ದವು. ಕಾನಿಗೆ, ಅಂದರೆ ಹಳೆಯ ದಟ್ಟ ನಿತ್ಯಹರಿದ್ವರ್ಣ ಕಾಡಿಗೆ, ತಾಗಿದ ಒಂದು ಮೂಲೆಯನ್ನು ನಮ್ಮ ತಂದೆಯವರು 1990ರ ದಶಕದಲ್ಲಿ ಕತ್ತಿ ತಾಗಿಸದೆ ಬಿಟ್ಟರು. ಮೊದಲ ಕೆಲವು ವರ್ಷ ಅಲ್ಲಿ ತುಂಬಿದ್ದು ಕಮ್ಯುನಿಸ್ಟ್ ಗಿಡವೆಂಬ ಕಳೆ ಮತ್ತು ನೆಕ್ಕರಿಕದ ಪೊದೆ, ಕಾಲಿಡಲು ಜಾಗವಿರಲಿಲ್ಲ. ಅವುಗಳ ನಡುವೆಯೇ ಚಂದಕಲು ಎದ್ದಿತು, ಹಳೆಯ ಬೊಡ್ಡೆಗಳಿಂದ ಸಳ್ಳೆ, ಕೌಲು ಚಿಗುರಿದವು, ನೆರಳು ಬಿದ್ದಂತೆಲ್ಲ ಕಮ್ಯುನಿಸ್ಟ್ ಗಿಡ ಸೊರಗಿತು. ನಾನು ಕಾಲೇಜಿನಲ್ಲಿ ಸಸ್ಯವಿಜ್ಞಾನ ಕಲಿಸುತ್ತಿದ್ದ ದಿನಗಳಲ್ಲಿ, 2004ರಲ್ಲಿ, ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಹಗ್ಗ ಹಿಡಿದು 20 ಮೀಟರ್ ಉದ್ದಗಲದ ಚೌಕವೊಂದನ್ನು ಅಲ್ಲಿ ಗುರುತು ಮಾಡಿದೆ. ಪ್ರತಿ ಮರಕ್ಕೂ ಅಂಕಿ ಕೊರೆದ ಅಲ್ಯುಮಿನಿಯಂ ಬಿಲ್ಲೆ ಹೊಡೆದು, ನೆಲದಿಂದ 1.3 ಮೀಟರ್ ಎತ್ತರದಲ್ಲಿ ಸುತ್ತಳತೆ ತೆಗೆದು, ಟೇಪು ಕೂತ ಜಾಗಕ್ಕೆ ಬಣ್ಣದ ಪಟ್ಟಿ ಬಳಿದೆವು. ಅಂದಿನಿಂದ ಐದು ವರ್ಷಕ್ಕೊಮ್ಮೆ, ಜನವರಿಯಲ್ಲೇ, ಅದೇ ಪಟ್ಟಿಯ ಮೇಲೆ ಟೇಪು ಹಿಡಿಯುತ್ತ ಬಂದಿದ್ದೇವೆ. ಬೇಸಿಗೆಯಲ್ಲಿ ನೀರಿಲ್ಲದೆ ಕಾಂಡ ತುಸು ಕುಗ್ಗುತ್ತದೆ, ಮಳೆಗಾಲದಲ್ಲಿ ಹಿಗ್ಗುತ್ತದೆ. ತಿಂಗಳು ತಪ್ಪಿದರೆ ಬೆಳವಣಿಗೆಯ ಲೆಕ್ಕವೂ ತಪ್ಪುತ್ತದೆ.

2014ರ ಅಳತೆಯಲ್ಲಿ ಚಂದಕಲು ಮರಗಳು ಒಂದೊಂದಾಗಿ ಒಣಗಿ ನಿಂತಿದ್ದವು. ಹೊರಗಿನವರು ನೋಡಿದ್ದರೆ ಕಾಡು ಕೆಟ್ಟಿತು ಎಂದೇ ಬರೆದುಕೊಳ್ಳುತ್ತಿದ್ದರು. ಆದರೆ ಚಂದಕಲು, ಗೋರ್ಕಲು ಮೊದಲಾದ ಮರಗಳ ಸ್ವಭಾವವೇ ಹಾಗೆ: ಬಿಸಿಲು ಬಿದ್ದಲ್ಲಿ ಬೇಗ ಮೊಳೆತು, ಮೆದುವಾದ ಕಟ್ಟಿಗೆಯಲ್ಲಿ ಸರಸರನೆ ಎತ್ತರಕ್ಕೆ ಹೋಗಿ, ತಾವೇ ಕೊಟ್ಟ ನೆರಳಿನಲ್ಲಿ ತಮ್ಮ ಮರಿಗಳನ್ನು ಬೆಳೆಸಲಾರದೆ ಜಾಗ ಬಿಟ್ಟುಕೊಡುತ್ತವೆ. ಆ ಒಣಮರಗಳ ಬುಡದಲ್ಲಿ ಮುರುಗಲು, ಹೆಬ್ಬಲಸು ಎದ್ದಿದ್ದವು. 2019ರಲ್ಲಿ ಮತ್ತಿ ಮರವೊಂದರ ಕೆಳಗೆ ಉದುರಿದ ಎಲೆಯ ದರಕು ಸರಿಸಿದಾಗ ಮೊಣಕಾಲೆತ್ತರದ ಮೂರು ರಾಮಪತ್ರೆ (ಕಾಡು ಜಾಯಿಕಾಯಿ) ಸಸಿಗಳು ಸಿಕ್ಕವು. ರಾಮಪತ್ರೆಯ ತಾಯಿಮರ ಆ ಬೆಟ್ಟದಲ್ಲಿ ಇಲ್ಲ. ಇರುವುದು ಕೆಳಗಿನ ಕಾನಿನ ಹಳ್ಳದ ಬದಿಯಲ್ಲಿ. ಮಂಗಟ್ಟೆ ಹಕ್ಕಿ ಹಣ್ಣು ನುಂಗಿ, ಬೀಜ ಸುತ್ತಿದ ಕೆಂಪು ಪತ್ರೆಯನ್ನು ಅರಗಿಸಿಕೊಂಡು, ಮತ್ತಿಯ ಕೊಂಬೆಯ ಮೇಲೆ ಕೂತು ಬೀಜವನ್ನು ಕಾರಿತ್ತು ಎಂದೇ ನಾನು ತಿಳಿಯುತ್ತೇನೆ. ರಾಮಪತ್ರೆ, ಧೂಪದಂಥ ನಿತ್ಯಹರಿದ್ವರ್ಣ ಮರಗಳ ದೊಡ್ಡ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕೂರುವಂಥದ್ದಲ್ಲ, ಒಣಗಿದರೆ ಸತ್ತುಹೋಗುತ್ತದೆ. ಆದ್ದರಿಂದ ಹತ್ತಿರದಲ್ಲಿ ಹಳೆಯ ಕಾನು ಇರಬೇಕು, ಬೀಜ ಹೊರುವ ಹಕ್ಕಿ ಇರಬೇಕು, ಬಿದ್ದ ಜಾಗದಲ್ಲಿ ನೆರಳಿರಬೇಕು. ಇಪ್ಪತ್ತೈದು ವರ್ಷ ಕಾದ ಮೇಲೆ ಆ ಮೂರೂ ಕೂಡಿಬಂದಿದ್ದವು.

ಇಂಥದ್ದೇ ಇನ್ನೊಂದು ಚೌಕವನ್ನು ಪಕ್ಕದ ಹಕ್ಕಲಿನಲ್ಲಿಯೂ, ಅಂದರೆ ಕುರುಚಲು ಗಿಡ ಎದ್ದ ಪಾಳು ಜಾಗದಲ್ಲಿಯೂ, ಗುರುತು ಮಾಡಿದ್ದೆವು. ಎರಡನೇ ಅಳತೆಗೆ ಹೋದಾಗ ಅಲ್ಲಿ ಸಾಲುಸಾಲಾಗಿ ಗುಂಡಿಗಳಿದ್ದವು. ಹಳು, ಕವಳಿ, ಆಳೆತ್ತರದ ನೇರಲು ಎಲ್ಲವನ್ನೂ ಸವರಿ ಬದುವಿಗೆ ಒತ್ತಿದ್ದರು. ನಮ್ಮ ಬಿಲ್ಲೆಗಳಲ್ಲಿ ನಾಲ್ಕೈದು ಆ ಮಣ್ಣಿನ ರಾಶಿಯಲ್ಲಿ ಸಿಕ್ಕವು. ಆ ಕಾಮಗಾರಿ ಮಾಡಿಸಿದವರನ್ನು ಕೇಳಿದಾಗ ‘ಅಲ್ಲೇನಿತ್ತು, ಬರೀ ಮಟ್ಟಿ’ ಎಂಬ ಉತ್ತರ ಬಂತು. ಅವರ ಮೇಲೆ ದೂರು ಹೇಳುವ ಉದ್ದೇಶ ನನಗಿಲ್ಲ. ಅಲ್ಲಿ ಏನಿತ್ತೆಂದು ತೋರಿಸುವ ಒಂದು ಹಾಳೆಯೂ ಅವರ ಕೈಯಲ್ಲಿರಲಿಲ್ಲ ಎಂಬುದೇ ನನ್ನ ಸಂಕಟ.

ಮರುಹುಟ್ಟಿನ ಕಾಡು ಎಷ್ಟು ಬೇಗ ಸುಧಾರಿಸುತ್ತದೆ ಎಂಬ ಬಗ್ಗೆ ಹೆಚ್ಚಿನ ಮಾಹಿತಿ ಬಂದಿರುವುದು ಲ್ಯಾಟಿನ್ ಅಮೆರಿಕದಿಂದ. ಅಲ್ಲಿನ 56 ಕಡೆಗಳ ಅಳತೆಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 20 ವರ್ಷಗಳಲ್ಲಿ ಮರಗಳ ಜಾತಿಗಳ ಸಂಖ್ಯೆ ಹಳೆಯ ಕಾಡಿನ ಶೇ 80ರಷ್ಟನ್ನು ಮುಟ್ಟುತ್ತದೆ. ಆದರೆ ಯಾವ ಯಾವ ಜಾತಿಗಳು ಎಷ್ಟೆಷ್ಟಿವೆ ಎಂದು ನೋಡಿದರೆ ಹಳೆಯ ಕಾಡಿನೊಂದಿಗಿನ ಹೋಲಿಕೆ ಶೇ 34 ಮಾತ್ರ. ಪಶ್ಚಿಮ ಆಫ್ರಿಕಾವನ್ನೂ ಸೇರಿಸಿಕೊಂಡು 77 ಕಡೆಗಳನ್ನು ನೋಡಿದ 2021ರ ಅಧ್ಯಯನ, ಮಣ್ಣು ಹತ್ತು ವರ್ಷದೊಳಗೆ ಚೇತರಿಸಿಕೊಂಡರೂ ಮರಗಳ ಒಟ್ಟು ತೂಕ ಮತ್ತು ಜಾತಿಗಳ ಕೂಟ ಹಳೆಯ ಸ್ಥಿತಿಗೆ ಬರಲು 120 ವರ್ಷಕ್ಕೂ ಹೆಚ್ಚು ಬೇಕೆಂದು ಕಂಡುಕೊಂಡಿತು. ಈ ಅಂಕಿಗಳನ್ನು ಹಾಗೆಯೇ ಸಹ್ಯಾದ್ರಿಗೆ ಹಚ್ಚಲು ಬರುವುದಿಲ್ಲ. ನಮ್ಮ ಮಣ್ಣು, ನಮ್ಮ ಆರು ತಿಂಗಳ ಒಣಗಾಲ, ನಾವು ಸೊಪ್ಪು ತೆಗೆಯುವ ರೀತಿ ಎಲ್ಲವೂ ಬೇರೆ. ನಮ್ಮ ನೆಲದ ಅಂಕಿ ಬೇಕಾದರೆ ನಮ್ಮ ನೆಲದಲ್ಲೇ ಅಳೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1988ರಿಂದ ಮುದುಮಲೆಯ 50 ಹೆಕ್ಟೇರಿನಲ್ಲಿ ಒಂದೊಂದು ಮರವನ್ನೂ ಲೆಕ್ಕವಿಟ್ಟು ನೋಡುತ್ತಿದೆ. ಕೊಡಗಿನ ಉಪ್ಪಂಗಳದಲ್ಲಿ ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್ ದಶಕಗಳಿಂದ ಅಳೆಯುತ್ತ ಬಂದಿದೆ. ಇವೆಲ್ಲ ಬಹಳ ದೊಡ್ಡ ಕೆಲಸಗಳು. ಆದರೆ ಅವು ಇರುವುದು ರಕ್ಷಿತ ಕಾಡುಗಳಲ್ಲಿ. ಊರಿನ ಬೆನ್ನಿಗಿರುವ ಬೆಟ್ಟ, ಹಕ್ಕಲುಗಳನ್ನು ಅಳೆಯುವವರು ಬೇಕಾಗಿದ್ದಾರೆ.

ಉಪಗ್ರಹ ಇರುವಾಗ ಟೇಪು ಯಾಕೆ ಎಂದು ಕೇಳುವವರಿದ್ದಾರೆ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ಎರಡು ವರ್ಷಕ್ಕೊಮ್ಮೆ ತರುವ ವರದಿಯಲ್ಲಿ, ಒಂದು ಹೆಕ್ಟೇರಿಗಿಂತ ದೊಡ್ಡದಾದ ಜಾಗದಲ್ಲಿ ಶೇ 10ಕ್ಕಿಂತ ಹೆಚ್ಚು ಮರದ ನೆರಳಿದ್ದರೆ ಅದು ಅರಣ್ಯ ಹೊದಿಕೆ. ಅಕೇಶಿಯಾ ತೋಪು, ಹಣ್ಣಿನ ತೋಟ, ಕಾನು ಎಲ್ಲವೂ ಆ ಹೊದಿಕೆಯೊಳಗೆ ಬರುತ್ತವೆ. ಚಂದಕಲು ಸತ್ತು ಹೆಬ್ಬಲಸು ಬಂದದ್ದು ಆ ಚಿತ್ರದಲ್ಲಿ ಕಾಣುವುದಿಲ್ಲ. ಎಳೆಯ ಹಕ್ಕಲನ್ನು ಸವರಿ ಅಕೇಶಿಯಾ ಹಾಕಿದರೆ ಕೆಲವೇ ವರ್ಷಗಳಲ್ಲಿ ಹಸಿರು ಹೆಚ್ಚಿದಂತೆಯೇ ಕಾಣುತ್ತದೆ. ಇಸ್ರೊ ಮತ್ತು ನಾಸಾ ಕೂಡಿ 2025ರ ಜುಲೈನಲ್ಲಿ ಹಾರಿಸಿದ ನಿಸಾರ್ ಉಪಗ್ರಹದ ರೇಡಾರ್ ಮೋಡ ತೂರಿ ನೋಡಬಲ್ಲದು, ಮರಗಳ ತೂಕವನ್ನು ಅಂದಾಜಿಸಲು ನೆರವಾಗಬಲ್ಲದು. ಅದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆ ಅಂದಾಜು ಸರಿಯೋ ಎಂದು ತಾಳೆ ನೋಡಲು ನೆಲದ ಮೇಲಿನ ಅಳತೆ ಬೇಕೇ ಬೇಕು, ಮತ್ತು ಮರದ ಹೆಸರು ಹೇಳುವ ಕೆಲಸ ಇಂದಿಗೂ ಕಾಡು ಬಲ್ಲ ಮನುಷ್ಯನದೇ.

ಕೇಂದ್ರದ 2023ರ ಗ್ರೀನ್ ಕ್ರೆಡಿಟ್ ನಿಯಮಗಳಡಿ ಅವನತ ಅರಣ್ಯದಲ್ಲಿ ಗಿಡ ಬೆಳೆಸಿದವರಿಗೆ ‘ಗ್ರೀನ್ ಕ್ರೆಡಿಟ್’ ಎಂಬ ಅಂಕಗಳು ಸಿಗುತ್ತವೆ. 2024ರ ಫೆಬ್ರುವರಿಯಲ್ಲಿ ಪ್ರಕಟವಾದ ವಿಧಾನ ಹೆಕ್ಟೇರಿಗೆ ಕನಿಷ್ಠ 1,100 ಮರ ಇರಬೇಕೆಂದಿತು. 2025ರ ತಿದ್ದುಪಡಿ ಐದು ವರ್ಷದ ನಂತರ ಶೇ 40ರಷ್ಟು ನೆರಳು ಇರಬೇಕೆಂದಿತು. ಎರಡೂ ಎಷ್ಟು ಎಂದು ಕೇಳುತ್ತವೆಯೇ ಹೊರತು ಯಾವುದು ಎಂದು ಕೇಳುವುದಿಲ್ಲ. ಹೀಗಾಗಿ ನಮ್ಮ ಹಕ್ಕಲುಗಳಿಗೆ ಅಪಾಯ ಹೆಚ್ಚಿದೆ.

ನೆಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಕಾನು ದೂರವಾಗಿ, ಪ್ರತಿ ವರ್ಷ ಬೆಂಕಿ ಬಿದ್ದು, ಮುರಕಲ್ಲು ಎದ್ದು ನಿಂತ ಗುಡ್ಡಗಳಿಗೆ ಬೀಜ ಹೊತ್ತು ತರುವವರೇ ಇಲ್ಲ. ಅಲ್ಲಿ ಊರಿನ ಜಾತಿಯ ಸಸಿಗಳನ್ನು ನೆಡಲೇಬೇಕು. ಯಾವ ಬೆಟ್ಟಕ್ಕೆ ಸಸಿ ಬೇಕು, ಯಾವುದಕ್ಕೆ ಬೇಲಿ ಮತ್ತು ಬೆಂಕಿರೇಖೆ ಸಾಕು ಎಂದು ತೀರ್ಮಾನಿಸಲು ಎಣಿಕೆ ಬೇಕು.

ಇದಕ್ಕೆ ಹೊಸ ಸಂಸ್ಥೆ ಬೇಡ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಅದರದೇ ಹೊಣೆ. ಅನೇಕ ಕಡೆ ಆ ದಾಖಲಾತಿ ಒಮ್ಮೆ ಬರೆದು ಕಪಾಟಿನಲ್ಲಿಟ್ಟ ಪುಸ್ತಕವಾಗಿದೆ. ಪ್ರತಿ ಪಂಚಾಯಿತಿ ತನ್ನ ವ್ಯಾಪ್ತಿಯಲ್ಲಿ ಎರಡು ಚೌಕಗಳನ್ನಾದರೂ ಕಾಯಂ ಆಗಿ ಗುರುತಿಸಿ, ಐದು ವರ್ಷಕ್ಕೊಮ್ಮೆ ಅಳೆದು ಅದರಲ್ಲಿ ಸೇರಿಸಲಿ. ಬೇಕಾದದ್ದು ಟೇಪು, ಬಿಲ್ಲೆ, ಬಣ್ಣ, ಜೊತೆಗೆ ಎಲೆ ಮುರಿದು ಮೂಸಿ ಮರದ ಹೆಸರು ಹೇಳಬಲ್ಲ ಊರಿನ ಒಬ್ಬ ಹಿರಿಯರು. ಅಂಥವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಹೈಸ್ಕೂಲು, ಕಾಲೇಜಿನ ಮಕ್ಕಳನ್ನು ಅವರ ಜೊತೆ ಕಳಿಸಬೇಕು. ಮರ ಎಣಿಸಿದರೆ ಬೆಟ್ಟದಲ್ಲಿ ಸೊಪ್ಪು ತೆಗೆಯುವ ತಮ್ಮ ಹಕ್ಕಿಗೆ ಕುತ್ತು ಬಂದೀತೆಂಬ ಭಯ ನಮ್ಮ ಬೆಳೆಗಾರರಲ್ಲಿದೆ, ಅದು ಆಧಾರವಿಲ್ಲದ ಭಯವೇನಲ್ಲ. ಆದ್ದರಿಂದ ಈ ಎಣಿಕೆಯನ್ನು ಯಾರ ಹಕ್ಕಿನ ವಿರುದ್ಧವೂ ಬಳಸುವುದಿಲ್ಲವೆಂದು ಸರ್ಕಾರ ಲಿಖಿತವಾಗಿ ಹೇಳಬೇಕು.

ಗುಂಡಿಗೆ ಜಾಗ ಗುರುತಿಸುವ ಕೆಲಸ ಮಾರ್ಚ್ ಹೊತ್ತಿಗೆ ನಡೆಯುತ್ತದೆ. ಅದಕ್ಕೂ ಮೊದಲು ಜಿಲ್ಲಾ ಮಟ್ಟದಲ್ಲಿ ಈ ಬಗ್ಗೆ ಆದೇಶ ಹೊರಬೀಳಲಿ ಎಂದು ಕೋರುತ್ತೇನೆ. ನಮ್ಮ ಬೆಟ್ಟದ ಅಳತೆಯ ಪುಸ್ತಕವನ್ನು ಯಾವ ಪಂಚಾಯಿತಿ, ಯಾವ ಶಾಲೆ ಕೇಳಿದರೂ ಕೊಡುತ್ತೇನೆ. ಚೌಕ ಹಾಕುವುದನ್ನು ತೋರಿಸಿಕೊಡಲು ಕರೆದಲ್ಲಿಗೆ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಸ್ಯವಿಜ್ಞಾನ ಉಪನ್ಯಾಸಕ, ಅಡಿಕೆ ಬೆಳೆಗಾರ
ಸಿದ್ದಾಪುರ ತಾಲ್ಲೂಕು, ಉತ್ತರ ಕನ್ನಡ