ಮಾದರಿ ಟ್ರೈಲರ್ ಲಾರಿ: ಬಣ್ಣಕ್ಕಿಂತ ಮೊದಲು ಕೀಲು

ಮಾನ್ಯ ಸಂಪಾದಕರೇ,

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ತಲಪಾಡಿಯಿಂದ ಕಾಲಿಕ್ಕಡವಿನ ತನಕ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಬೆಳೆಯುವ ಮಕ್ಕಳಿಗೆ ಕಂಟೈನರ್ ಲಾರಿಯ ಹುಚ್ಚು ಹಿಡಿಯದಿದ್ದರೇ ಆಶ್ಚರ್ಯ. ವೃತ್ತಿಪರಿಚಯ ಮೇಳಕ್ಕೆಂದೋ ಸುಮ್ಮನೆ ಖುಷಿಗೆಂದೋ ಸನ್‌ಬೋರ್ಡಿನಲ್ಲಿ, ಅಂದರೆ ಹಗುರವಾದ ಪ್ಲಾಸ್ಟಿಕ್ ಹಲಗೆಯಲ್ಲಿ, ಅವರು ಮಾಡುವ ಲಾರಿಗಳು ನೋಡಲು ಚಂದ. ಆದರೆ ಹೆಚ್ಚಿನವು ತಿರುಗುವುದಿಲ್ಲ. ಎಳೆಯುವ ಲಾರಿಗೂ ಹಿಂದಿನ ಟ್ರೈಲರಿಗೂ ನಡುವೆ ಒಂದು ಸ್ಕ್ರೂ ಬಿಗಿದು ಕೈತೊಳೆದುಕೊಂಡಿರುತ್ತಾರೆ. ಸ್ಟಿಕ್ಕರು, ಎಲ್‌ಇಡಿ ದೀಪಕ್ಕೆ ವಾರಗಟ್ಟಲೆ ಕೂರುವವರು ಆ ಕೀಲಿಗೆ ಒಂದು ಸಂಜೆಯನ್ನಾದರೂ ಕೊಡಬೇಕು.

ಅಳತೆಯಿಂದ ಶುರುಮಾಡೋಣ. 1:24 ಹಿಡಿದರೆ ಲೆಕ್ಕ ಬಲು ಸುಲಭ: ನಿಜವಾದ ಒಂದಡಿ, ಮಾದರಿಯಲ್ಲಿ ಅರ್ಧ ಇಂಚು. 40 ಅಡಿಯ ಕಂಟೈನರ್ 20 ಇಂಚು ಉದ್ದ, 4 ಇಂಚು ಅಗಲ, 4¼ ಇಂಚು ಎತ್ತರ. ಶಾಲೆಯ ಸ್ಕೇಲೇ ಸಾಕು. ಪೇಟೆಯ ಪ್ಲಾಸ್ಟಿಕ್ ಕಿಟ್ ತರಿಸುವವರು ಡಬ್ಬಿಯ ಮೇಲಿನ ಅಂಕಿ ನೋಡಿಯೇ ಕೊಳ್ಳಬೇಕು. ಇಟಲೇರಿ ಕಂಪೆನಿಯ ಲಾರಿಗಳು 1:24, ಎಎಂಟಿ ಕಂಪೆನಿಯ ಅಮೆರಿಕನ್ ಲಾರಿಗಳು 1:25. ಕಾಗದದಲ್ಲಿ ಇದು ಸಣ್ಣ ವ್ಯತ್ಯಾಸ. ಆದರೆ 20 ಇಂಚಿನ ಪೆಟ್ಟಿಗೆ 1:25ರಲ್ಲಿ 19.2 ಇಂಚಿಗೆ ಇಳಿಯುತ್ತದೆ, ಎರಡನ್ನೂ ಬೆರೆಸಿದರೆ ಕ್ಯಾಬಿನ್ ಯಾಕೋ ಕುಗ್ಗಿದ ಹಾಗೆ ಕಾಣುತ್ತದೆ. ಅಮೆರಿಕದ ಕಿಟ್‌ಗಳಲ್ಲಿ ಸ್ಟಿಯರಿಂಗ್ ಎಡಕ್ಕಿರುತ್ತದೆ. ನಮ್ಮ ಲಾರಿ ಮಾಡುವುದಾದರೆ ಡ್ಯಾಶ್‌ಬೋರ್ಡನ್ನು ಕೊಯ್ದು ಬಲಕ್ಕೆ ಕೂರಿಸಬೇಕು.

ಇನ್ನು ಕೀಲು. ಟ್ರೈಲರಿನ ಅಡಿಯಲ್ಲಿ ಇಳಿಬಿದ್ದಿರುವ ಉಕ್ಕಿನ ಗೂಟಕ್ಕೆ ಕಿಂಗ್‌ಪಿನ್ ಎನ್ನುತ್ತಾರೆ. ಸಾಮಾನ್ಯ ಟ್ರೈಲರಿನಲ್ಲಿ ಅದು 2 ಇಂಚು ದಪ್ಪ, 1:24ರಲ್ಲಿ 2 ಮಿ.ಮೀ.ಗಿಂತ ಕೂದಲೆಳೆ ಹೆಚ್ಚು. ಸೈಕಲಿನ ಸಾದಾ ಸ್ಪೋಕ್ ಸರಿಯಾಗಿ 2 ಮಿ.ಮೀ.! ಒಂದು ತುಂಡು ಕತ್ತರಿಸಿ, 4 ಮಿ.ಮೀ. ಕೆಳಗೆ ಚಾಚುವಂತೆ ಟ್ರೈಲರಿಗೆ ಕೂರಿಸಿ. ಅದನ್ನು ಹಿಡಿಯುವ, ಎಳೆಯುವ ಲಾರಿಯ ಮೇಲಿನ ತಟ್ಟೆ, ಅಂದರೆ ಫಿಫ್ತ್ ವೀಲ್, ಒಂದೂವರೆ ಇಂಚು ಅಗಲವಿರಲಿ. 2 ಮಿ.ಮೀ. ಅಕ್ರಿಲಿಕ್ ಆದೀತು. ಹಿಂದಿನಿಂದ ನಡುವಿನ ತನಕ ‘ವಿ’ ಆಕಾರದ ಸೀಳು ಕೊಯ್ಯಿರಿ. ತಟ್ಟೆಯ ಅಡಿಗೆ, ಸ್ಪೋಕ್ ಸಡಿಲವಾಗಿ ಹೋಗುವಂಥ ಪ್ಲಾಸ್ಟಿಕ್ ಕೊಳವೆಯ ತುಂಡನ್ನು ಅಡ್ಡಕ್ಕೆ ಅಂಟಿಸಿ, ಇನ್ನೊಂದು ಸ್ಪೋಕ್ ತುಂಡಿನಿಂದ ಲಾರಿಯ ಚಾಸಿಗೆ ತೂಗುಹಾಕಿ. ಹೀಗೆ ಮಾಡಿದರೆ ತಟ್ಟೆ ಹಿಂದೆ ಮುಂದೆ ವಾಲುತ್ತದೆ. ವಾಲದಂತೆ ಅಂಟಿಸಿಬಿಟ್ಟರೆ ಏರು ಹತ್ತುವಾಗ ಯಾವುದೋ ಒಂದು ಆಕ್ಸಲ್ ನೆಲ ಬಿಟ್ಟು ಮೇಲೇಳುತ್ತದೆ.

ತಟ್ಟೆಯ ಜಾಗವೂ ಮುಖ್ಯ. ಹಿಂದಿನ ಆಕ್ಸಲಿನ ನಡುವಿಗಿಂತ ಚೂರು ಮುಂದಿರಬೇಕು, ಎರಡು ಆಕ್ಸಲ್ ಇದ್ದರೆ ಎರಡರ ಮಧ್ಯಕ್ಕಿಂತ ಚೂರು ಮುಂದೆ. ಹಿಂದಕ್ಕೆ ಹೋದರೆ ಟ್ರೈಲರಿನ ಭಾರಕ್ಕೆ ಲಾರಿಯ ಮೂತಿ ಆಕಾಶ ನೋಡುತ್ತದೆ. ಪಿನ್ನಿಗೂ ಕ್ಯಾಬಿನ್ನಿನ ಬೆನ್ನಿಗೂ ಎಷ್ಟು ಅಂತರ? ಪೆಟ್ಟಿಗೆಯ ಮುಂದಂಚಿನಿಂದ ಪಿನ್ 1½ ಇಂಚು ಹಿಂದಿದೆ ಎನ್ನಿ. ಪೆಟ್ಟಿಗೆಯ ಅರ್ಧ ಅಗಲ 2 ಇಂಚು. ಪೈಥಾಗೊರಸನ ಲೆಕ್ಕ ಹಾಕಿದರೆ ಪಿನ್ನಿನಿಂದ ಮುಂದಿನ ಮೂಲೆಗೆ 2½ ಇಂಚು. ತಿರುವಿನಲ್ಲಿ ಆ ಮೂಲೆ ಇಷ್ಟು ದೂರ ಬೀಸುವುದರಿಂದ ಕ್ಯಾಬಿನ್ 2¾ ಇಂಚು ಆಚೆಗಿದ್ದರೆ ತಾಗುವುದಿಲ್ಲ. ಏಳನೇ ತರಗತಿಯವರಿಗೆ ತ್ರಿಭುಜ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಚಕ್ರ ಎಣಿಸುವುದರಲ್ಲೂ ಎಡವುತ್ತಾರೆ. ಅಮೆರಿಕದ 18 ಚಕ್ರವೆಂದರೆ ಎಳೆಯುವ ಲಾರಿಗೆ 10, ಟ್ರೈಲರಿಗೆ 8. ನಮ್ಮ ಹೆದ್ದಾರಿಯಲ್ಲಿ ಕಾಣುವ 18 ಚಕ್ರದ್ದು ಹೆಚ್ಚಾಗಿ ಲಾರಿಗೆ 6, ಮೂರು ಆಕ್ಸಲಿನ ಟ್ರೈಲರಿಗೆ 12. ಟಯರಿನ ವ್ಯಾಸ 44 ಮಿ.ಮೀ., ದಪ್ಪ ಹನ್ನೊಂದೂವರೆ. ಹಳೆಯ ಹವಾಯಿ ಚಪ್ಪಲಿ ಇದಕ್ಕೆ ಹೇಳಿ ಮಾಡಿಸಿದ್ದು. ಬ್ಲೇಡಿನಲ್ಲಿ ಕೊಯ್ದರೆ ಅಡಿ ಓರೆಯಾಗುತ್ತದೆ. ಬಾಯಿ ಹರಿತಗೊಳಿಸಿದ ಕಬ್ಬಿಣದ ಪೈಪನ್ನು ಸಾಬೂನು ನೀರಿನಲ್ಲಿ ಅದ್ದಿ, ತಿರುಗಿಸುತ್ತಾ ಒತ್ತಿರಿ.

ಕಂಟೈನರಿನ ಗೋಡೆಯ ಏರುತಗ್ಗಿಗೆ ರಟ್ಟಿನ ಪೆಟ್ಟಿಗೆಯ ಒಳಪದರ ಅಂಟಿಸುವವರಿದ್ದಾರೆ, ಅದು ತೀರಾ ಸಣ್ಣ ಅಲೆ. ನಿಜವಾದ ಗೋಡೆಯಲ್ಲಿ ಒಂದು ಏರುತಗ್ಗು 278 ಮಿ.ಮೀ.ಗೆ ಒಮ್ಮೆ ಬರುತ್ತದೆ, ಆಳ 36. ಚಾರ್ಟ್ ಕಾಗದದಲ್ಲಿ 3 ಮಿ.ಮೀ.ಗೊಂದು ಗೆರೆ ಎಳೆದು, ಖಾಲಿ ರೀಫಿಲ್ಲಿನಿಂದ ಒತ್ತಿ, ಸಮ–ಇಳಿ–ಸಮ–ಏರು ಎಂದು ಮಡಚಿದರೆ ಹೆಚ್ಚುಕಡಿಮೆ ಅದೇ ರೂಪ. ಮಡಚಿದಾಗ ಕುಗ್ಗುವುದರಿಂದ 20 ಇಂಚಿನ ಗೋಡೆಗೆ 21½ ಇಂಚು ಕಾಗದ ತೆಗೆದುಕೊಳ್ಳಿ.

ಅಂಟಿನ ಬಗ್ಗೆ ಎರಡೇ ಮಾತು. ಕಿಟ್‌ನ ಪ್ಲಾಸ್ಟಿಕ್ ಸಿಮೆಂಟ್ ಸನ್‌ಬೋರ್ಡಿಗೆ ನೆಚ್ಚಿಕೆಯದಲ್ಲ, ಅಲ್ಲಿಗೆ ಫೆವಿಕ್ವಿಕ್. ಆದರೆ ಗಾಜಿನ ಹತ್ತಿರ ಫೆವಿಕ್ವಿಕ್ ಬೇಡ, ಅದರ ಆವಿ ಕುಳಿತು ಗಾಜು ಬೆಳ್ಳಗಾಗುತ್ತದೆ. ಕಿಟಕಿಗೆ ಫೆವಿಕಾಲೇ ಸರಿ.

ಆಟಿ ತಿಂಗಳ ಮಳೆಯಲ್ಲಿ ಸ್ಪ್ರೇ ಹೊಡೆಯಬೇಡಿ. ದ್ರಾವಕ ಬೇಗ ಆರುವಾಗ ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಕೂತು ಬಣ್ಣಕ್ಕೆ ಹಾಲು ಚೆಲ್ಲಿದಂಥ ಮಬ್ಬು ಬರುತ್ತದೆ. ಥರ್ಮೊಕೋಲಿಗಂತೂ ನೇರ ಸ್ಪ್ರೇ ತಾಗಿದರೆ ಕರಗಿ ಹೊಂಡ ಬೀಳುತ್ತದೆ, ಮೊದಲು ಫೆವಿಕಾಲ್ ಬಳಿದು ಒಣಗಿಸಬೇಕು. ಪ್ರತಿಫಲಿಸುವ ಪಟ್ಟಿ ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು, ಅಗಲ 2 ಮಿ.ಮೀ. ಕೆಎಲ್ 14 ಎಂದು ಬರೆಯುವ ನಂಬರ್ ಫಲಕ ಹಳದಿ, ಅಕ್ಷರ ಕಪ್ಪು. ಬಿಳಿ ಫಲಕ ಹಾಕಿದ ಲಾರಿಗಳನ್ನು ಕಂಡರೆ ನಗು ಬರುತ್ತದೆ.

ತಮ್ಮಲ್ಲಿ ಒಂದು ಕೋರಿಕೆ. ಮಕ್ಕಳ ಪುಟದಲ್ಲಿ ಕಂಟೈನರಿನ ಒಂದು ಬದಿಯನ್ನು ಕತ್ತರಿಸಿಕೊಳ್ಳುವಂತೆ, ಮಾದರಿಯ ಅಳತೆಯಲ್ಲೇ ಅಚ್ಚು ಹಾಕಬಹುದೇ? ಪುಟಕ್ಕೆ ಹೊಂದಿಸಲೆಂದು ಕಿರಿದು ಮಾಡಿದರೆ ಕೆಲಸಕ್ಕೆ ಬಾರದು. ಹಾಗಾಗಿ 20 ಅಡಿಯದ್ದನ್ನು ಆರಿಸಿಕೊಳ್ಳಿ. ಅದು 10 ಇಂಚು, ಜಾಹೀರಾತಿಗೂ ಜಾಗ ಉಳಿಯುತ್ತದೆ.

— ಮಾದರಿ ಲಾರಿ ಹವ್ಯಾಸಿಗಳು, ಕುಂಬಳೆ