ಸೀಕ್ವೆನ್ಸಿಂಗ್‌ಗೆ ಸ್ಯಾಂಪಲ್ ಕಳಿಸುವವರಿಗೆ: 1ನೇ ತಾರೀಖಿನಿಂದ ಕ್ಲೀನಪ್ ನಿಮ್ಮ ಬೆಂಚಿನಲ್ಲೇ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ ಸೀಕ್ವೆನ್ಸಿಂಗ್‌ಗೆ, ಅಂದರೆ ಡಿಎನ್‌ಎಯ ಬೇಸ್‌ಗಳನ್ನು (ಅಕ್ಷರಗಳನ್ನು) ಸಾಲಾಗಿ ಓದಲು, ಕ್ಲೀನಪ್ ಆಗದ ಪಿಸಿಆರ್ ಪ್ರಾಡಕ್ಟನ್ನು (ನಕಲಿಸಿ ಹೆಚ್ಚಿಸಿದ ಡಿಎನ್‌ಎಯಲ್ಲಿ ಉಳಿದ ಬೇಡದ ವಸ್ತು ತೆಗೆಯದ್ದನ್ನು) ನಾವು ತೆಗೆದುಕೊಳ್ಳುವುದಿಲ್ಲ. ಇದುವರೆಗೆ ಕ್ಲೀನಪ್, ಡಿಎನ್‌ಎ ಪ್ರಮಾಣದ ಅಳತೆ ಎರಡನ್ನೂ ಇಲ್ಲೇ ಮಾಡಿಕೊಡುತ್ತಿದ್ದ ನಮ್ಮ ಹಿರಿಯ ಟೆಕ್ನೀಷಿಯನ್ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಅವರ ಜಾಗಕ್ಕೆ ಇನ್ನೊಬ್ಬರನ್ನು ತರಬಹುದಿತ್ತು, ತರುತ್ತಿಲ್ಲ. ಡಿಎನ್‌ಎಯನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್ ಓಡಿಸಿದವರು ನೀವು, ಅದರಲ್ಲಿ ಬ್ಯಾಂಡ್ (ಒಂದೇ ಉದ್ದದ ಡಿಎನ್‌ಎಯ ಪಟ್ಟಿ) ಒಂದಿತ್ತೋ ಎರಡಿತ್ತೋ ಕಂಡವರು ನೀವು. ನಮ್ಮ ಕೈಗೆ ಬರುವುದು ಟ್ಯೂಬಿನ ತಳದಲ್ಲಿರುವ ಬಣ್ಣವಿಲ್ಲದ ಹನಿ ಮಾತ್ರ. ರೀಡಿನ (ಒಂದು ಕಡೆಯಿಂದ ಒಂದು ಸಲದ ಓದಿನ) ದರ ಹಾಗೇ ಇರುತ್ತದೆ. ಕ್ಲೀನಪ್ ಶುಲ್ಕ ಬಿಲ್ಲಿನಿಂದ ಹೋಗುತ್ತದೆ.

ಜೆಲ್‌ನಲ್ಲಿ ಒಂದೇ ಬ್ಯಾಂಡ್ ಇದ್ದರೆ ಎಂಜೈಮ್ ಕ್ಲೀನಪ್ ಸಾಕು. 5 ಮೈಕ್ರೋಲೀಟರ್ ಪ್ರಾಡಕ್ಟಿಗೆ ಎಕ್ಸೋಸ್ಯಾಪ್ ಮಿಶ್ರಣ (ಎಕ್ಸೋನ್ಯೂಕ್ಲಿಯೇಸ್, ಫಾಸ್ಫಟೇಸ್ ಎಂಬ ಎರಡು ಎಂಜೈಮ್) 2 ಮೈಕ್ರೋಲೀಟರ್ ಹಾಕಿ, 37 ಡಿಗ್ರಿಯಲ್ಲಿ 15 ನಿಮಿಷ, 80 ಡಿಗ್ರಿಯಲ್ಲಿ 15 ನಿಮಿಷ ಇಡಿ. ಎಕ್ಸೋನ್ಯೂಕ್ಲಿಯೇಸ್ ಉಳಿದ ಪ್ರೈಮರನ್ನು (ನಕಲು ಎಲ್ಲಿಂದ ಶುರುವಾಗಬೇಕೆಂದು ಹೇಳುವ ಸಣ್ಣ ಡಿಎನ್‌ಎ ತುಂಡು) ತಿನ್ನುತ್ತದೆ, ಫಾಸ್ಫಟೇಸ್ ಉಳಿದ ನ್ಯೂಕ್ಲಿಯೋಟೈಡ್‌ಗಳನ್ನು (ಡಿಎನ್‌ಎ ಕಟ್ಟುವ ಬಿಡಿ ಘಟಕಗಳು) ನಿಷ್ಕ್ರಿಯ ಮಾಡುತ್ತದೆ. ಪ್ರೈಮರ್ ಉಳಿದುಬಿಟ್ಟರೆ ನಮ್ಮ ರಿಯಾಕ್ಷನ್ನಿನಲ್ಲಿ ಫಾರ್ವರ್ಡ್, ರಿವರ್ಸ್ ಎರಡೂ ಕಡೆಯ ಪ್ರೈಮರ್ ಓಡಿ ಒಂದರ ಮೇಲೊಂದು ಪೀಕ್ (ಒಂದೊಂದು ಬೇಸನ್ನು ತೋರಿಸುವ ಏರು) ಬೀಳುತ್ತವೆ. 80 ಡಿಗ್ರಿಯ ಹಂತವನ್ನು ಅವಸರದಲ್ಲಿ ಬಿಡಬೇಡಿ. ಬಿಟ್ಟರೆ ಜೀವಂತ ಉಳಿದ ಎಂಜೈಮ್ ನಾವು ಹಾಕುವ ಪ್ರೈಮರನ್ನೇ ತಿಂದುಹಾಕುತ್ತದೆ, ಆಗ ಬರುವುದು ಚಪ್ಪಟೆ ಗೆರೆ.

ಎರಡು ಬ್ಯಾಂಡ್ ಇದ್ದರೆ ಈ ಎಂಜೈಮುಗಳಿಂದ ಏನೂ ಆಗದು. ಬೇಕಾದ ಬ್ಯಾಂಡನ್ನು ಜೆಲ್‌ನಿಂದ ಕತ್ತರಿಸಿ, ಡಿಎನ್‌ಎಯನ್ನು ಹಿಡಿದಿಡುವ ಕಾಲಮ್‌ನಲ್ಲಿ ತೆಗೆಯಬೇಕು. ಇಲ್ಲಿ ಕಾಟ ಕೊಡುವುದು ಜೆಲ್ ಕರಗಿಸುವ ಬಫರಿನ ಗ್ವಾನಿಡೀನ್ ಉಪ್ಪು. 260 ಮತ್ತು 230 ನ್ಯಾನೋಮೀಟರಿನಲ್ಲಿ ಹೀರಿದ ಬೆಳಕಿನ ಅನುಪಾತ (260/230) 1ಕ್ಕಿಂತ ಕೆಳಗಿದ್ದರೆ ಅದು ಉಳಿದಿದೆ ಎಂದೇ ತಿಳಿಯಿರಿ. ವಾಶ್ ಬಫರ್ ಇನ್ನೊಂದು ಸಲ ಹಾಕಿ, ಆಮೇಲೆ ಖಾಲಿ ಕಾಲಮನ್ನು ಎರಡು ನಿಮಿಷ ತಿರುಗಿಸಿ ಎಥನಾಲ್ ಹೊರಹಾಕಿ. ಕೊನೆಗೆ ಡಿಎನ್‌ಎಯನ್ನು ಕಾಲಮ್‌ನಿಂದ ಇಳಿಸಿಕೊಳ್ಳುವುದು ನೀರಿನಲ್ಲಿ ಅಥವಾ 10 ಮಿಲಿಮೋಲಾರ್ ಟ್ರಿಸ್ ಬಫರಿನಲ್ಲಿ, ಟಿಇಯಲ್ಲಿ (ಟ್ರಿಸ್ ಜೊತೆ ಇಡಿಟಿಎ ಬೆರೆತ ಬಫರ್) ಖಂಡಿತ ಬೇಡ. ಅದರಲ್ಲಿರುವ ಇಡಿಟಿಎ, ಡಿಎನ್‌ಎ ನಕಲಿಸುವ ಪಾಲಿಮರೇಸ್ ಎಂಜೈಮಿಗೆ ಬೇಕಾದ ಮೆಗ್ನೀಸಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ.

ಅಳತೆಯಲ್ಲೇ ಹೆಚ್ಚು ಜನ ಎಡವುವುದು. ಬೆಳಕು ಹೀರುವುದನ್ನು ಅಳೆಯುವ ನ್ಯಾನೋಡ್ರಾಪ್ ಯಂತ್ರಕ್ಕೆ ಡಿಎನ್‌ಎ, ಆರ್‌ಎನ್‌ಎ, ಪ್ರೈಮರ್, ನ್ಯೂಕ್ಲಿಯೋಟೈಡ್ ಎಲ್ಲವೂ ಒಂದೇ. 260 ನ್ಯಾನೋಮೀಟರಿನಲ್ಲಿ ಬೆಳಕು ಹೀರಿದರೆ ಸರಿ, ಲೆಕ್ಕಕ್ಕೆ ಸೇರಿಸುತ್ತದೆ. ಹಾಗಾಗಿ ಕ್ಲೀನಪ್‌ಗೆ ಮೊದಲು ಅಳೆದ ಸಂಖ್ಯೆಗೆ ಅರ್ಥವಿಲ್ಲ. ಎಕ್ಸೋಸ್ಯಾಪ್ ಆದ ಮೇಲೂ ನ್ಯೂಕ್ಲಿಯೋಟೈಡಿನ ಚೂರುಗಳು ಅಲ್ಲೇ ಇರುವುದರಿಂದ ಡಿಎನ್‌ಎಗೆ ಅಂಟಿ ಹೊಳೆಯುವ ಬಣ್ಣದಿಂದ ಅಳೆಯುವ ಕ್ಯೂಬಿಟ್‌ನಲ್ಲಿ ನೋಡಿ, ಇಲ್ಲವೇ ಲ್ಯಾಡರ್ (ಉದ್ದ, ಪ್ರಮಾಣ ಗೊತ್ತಿರುವ ಡಿಎನ್‌ಎ) ಪಕ್ಕ ಜೆಲ್ ಓಡಿಸಿ ಅಂದಾಜು ಮಾಡಿ. ಒಂದು ರಿಯಾಕ್ಷನ್ನಿಗೆ ಬೇಕಾದದ್ದು ಇಷ್ಟೇ: 200ರಿಂದ 500 ಬೇಸ್ ಉದ್ದದ ಪ್ರಾಡಕ್ಟಿಗೆ 3ರಿಂದ 10 ನ್ಯಾನೋಗ್ರಾಂ, 500ರಿಂದ 1,000ಕ್ಕೆ 5ರಿಂದ 20, 1,000ದಿಂದ 2,000ಕ್ಕೆ 10ರಿಂದ 40, ಪ್ಲಾಸ್ಮಿಡ್ (ಉಂಗುರದಂಥ ಡಿಎನ್‌ಎ) ಆದರೆ 150ರಿಂದ 300. ‘ಸ್ವಲ್ಪ ಜಾಸ್ತಿಯೇ ಇರಲಿ’ ಎಂದು ಸುರಿದರೆ ಮೊದಲ ಭಾಗದಲ್ಲಿ ಪೀಕ್‌ಗಳು ಗೋಪುರದ ಹಾಗೆ ಏಳುತ್ತವೆ, ಮುಂದೆ ದಿಢೀರನೆ ಮಲಗುತ್ತವೆ. ರೀರನ್‌ಗೂ (ಮತ್ತೊಮ್ಮೆ ಓಡಿಸುವುದಕ್ಕೂ) ಸಾಕಾಗುವಂತೆ ಒಟ್ಟು 10 ಮೈಕ್ರೋಲೀಟರ್ ಕಳಿಸಿ.

ಪ್ರೈಮರನ್ನು ಬೇರೆ ಟ್ಯೂಬಿನಲ್ಲಿ, 3.2 ಮೈಕ್ರೋಮೋಲಾರ್‌ಗೆ ತಂದು ಕಳಿಸಿ. ನಾವು 1 ಮೈಕ್ರೋಲೀಟರ್ ಹಾಕುತ್ತೇವೆ. ಎಂ13, ಎಸ್‌ಪಿ6, ಟಿ7, 27ಎಫ್, 1492ಆರ್, ಐಟಿಎಸ್1, ಐಟಿಎಸ್4 ಎಂಬ ಸಾಮಾನ್ಯ ಪ್ರೈಮರ್‌ಗಳು ನಮ್ಮಲ್ಲೇ ಇವೆ. ಆದರೆ ಫಾರ್ಮಿನಲ್ಲಿ ಬರೀ ‘ಟಿ7’ ಎಂದು ಬರೆದು ಬಿಡಬೇಡಿ, ಟಿ7 ಪ್ರೊಮೋಟರ್ ಪ್ರೈಮರೋ ಟರ್ಮಿನೇಟರ್ ಪ್ರೈಮರೋ ಎಂದು ನಮಗೆ ಕನಸು ಬೀಳುವುದಿಲ್ಲ. 16ಎಸ್ (ಬ್ಯಾಕ್ಟೀರಿಯಾ ಗುರುತಿಸಲು ಓದುವ ಜೀನ್) ಪೂರ್ತಿ ಬೇಕಾದವರು ಎರಡೂ ಕಡೆಯಿಂದ ರೀಡ್ ಕೇಳಿ: ಅದು ಸುಮಾರು 1,500 ಬೇಸ್, ಒಂದು ರೀಡಿನಲ್ಲಿ ನಂಬಬಹುದಾದದ್ದು 700–800.

ಶುದ್ಧವಾದ ಡಿಎನ್‌ಎಗೆ ಒಂದೆರಡು ದಿನದ ಪ್ರಯಾಣಕ್ಕೆ ಐಸ್ ಬೇಡ. ಧಾರವಾಡ, ಮೈಸೂರಿನಿಂದ ಐಸ್‌ನಲ್ಲಿ ಬರುವ ಡಬ್ಬ ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ನೀರಿನ ಡಬ್ಬವಾಗಿರುತ್ತದೆ, ಟ್ಯೂಬಿನ ಮೇಲಿನ ಬರಹ ತೊಳೆದು ಹೋಗಿರುತ್ತದೆ. ಮುಚ್ಚಳಕ್ಕೆ ಪ್ಯಾರಾಫಿಲ್ಮ್ ಸುತ್ತಿ, ನಂಬರನ್ನು ಮುಚ್ಚಳದ ಮೇಲೂ ಪಕ್ಕದಲ್ಲೂ ಬರೆದು, 50 ಮಿಲೀ ಫಾಲ್ಕನ್ ಟ್ಯೂಬಿನೊಳಗೆ ಹಾಕಿ ಕೊರಿಯರ್ ಮಾಡಿ. ಪ್ಲೇಟ್ (ಸಾಲುಸಾಲು ಗುಳಿಗಳ ತಟ್ಟೆ) ಕಳಿಸುವವರು ಎ1, ಬಿ1, ಸಿ1 ಎಂದು ಮೇಲಿನಿಂದ ಕೆಳಕ್ಕೆ ತುಂಬಿ. ಬೆಂಗಳೂರಿನ ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ) ಮತ್ತು ಜ್ಞಾನಭಾರತಿ ಕ್ಯಾಂಪಸ್‌ಗಳಿಗೆ ಸ್ಯಾಂಪಲ್ ಒಯ್ಯಲು ನಮ್ಮ ಹುಡುಗ ಮಂಗಳವಾರ, ಶುಕ್ರವಾರ ಎಂದಿನಂತೆ ಬರುತ್ತಾನೆ.

ರೀರನ್ ನಿಯಮವೂ ಬದಲಾಗುತ್ತದೆ. ಪ್ರತಿ ಪ್ಲೇಟಿನಲ್ಲಿ ಪಿಜೆಮ್ ಕಂಟ್ರೋಲ್ (ಬೇಸ್‌ಗಳ ಕ್ರಮ ಮೊದಲೇ ಗೊತ್ತಿರುವ ಡಿಎನ್‌ಎ) ಒಂದು ಇರುತ್ತದೆ. ಅದು ಕೆಟ್ಟಿದ್ದರೆ ತಪ್ಪು ನಮ್ಮದು, ಉಚಿತವಾಗಿ ಮತ್ತೆ ಓಡಿಸುತ್ತೇವೆ. ಅದು ಚೆನ್ನಾಗಿ ಬಂದು ನಿಮ್ಮದು ಬರದಿದ್ದರೆ ರೀರನ್ನಿಗೆ ದರ ಬೀಳುತ್ತದೆ. ಕಂಟ್ರೋಲಿನ ಫೈಲನ್ನೂ ನಿಮ್ಮ ಫಲಿತಾಂಶದ ಜೊತೆಗೇ ಕಳಿಸುತ್ತೇವೆ, ನೀವೇ ನೋಡಿಕೊಳ್ಳಬಹುದು.

ಇನ್ನೊಂದು ಮಾತು, ಲ್ಯಾಬ್ ಮುಖ್ಯಸ್ಥರಿಗೆ. ಪಿಎಚ್‌ಡಿ ಮುಗಿಸಿ ಹೋದವರ ಇಮೇಲಿಗೇ ಕೆಲವು ಲ್ಯಾಬ್‌ಗಳ ಫೈಲುಗಳು ಇನ್ನೂ ಹೋಗುತ್ತಿವೆ. ಎಬಿ1 ಫೈಲುಗಳನ್ನು (ಪೀಕ್‌ಗಳಿರುವ ಮೂಲ ಫಲಿತಾಂಶ) ನಾವು ಇಟ್ಟುಕೊಳ್ಳುವುದು ಮೂರು ತಿಂಗಳು ಮಾತ್ರ, ಆಮೇಲೆ ಕೇಳಿದರೆ ಸಿಗುವುದಿಲ್ಲ. ನಿಮ್ಮಲ್ಲಿ ಯಾರು ಹೋದರು, ಯಾವ ಜೆಆರ್‌ಎಫ್ (ಕಿರಿಯ ಸಂಶೋಧಕರು) ಹೊಸದಾಗಿ ಬಂದರು ಎಂಬುದನ್ನು ತಿಳಿಸಿ, ಸಾಧ್ಯವಾದರೆ ಲ್ಯಾಬಿನ ಸಾಮಾನ್ಯ ಇಮೇಲ್ ವಿಳಾಸವೊಂದನ್ನು ಕೊಡಿ.

ಈ ತಿಂಗಳ ಕೊನೆಯ ದಿನ ಸಂಜೆ 5ರೊಳಗೆ ಕೈಸೇರಿದ ಸ್ಯಾಂಪಲ್‌ಗಳಿಗೆ ಹಳೆಯ ಕ್ರಮವೇ ನಡೆಯುತ್ತದೆ. ಆಮೇಲೆ ಬಂದ ಕ್ಲೀನಪ್ ಆಗದ ಟ್ಯೂಬನ್ನು ಮೈನಸ್ 20ರಲ್ಲಿ ಇಟ್ಟು ನಿಮಗೆ ಫೋನ್ ಮಾಡುತ್ತೇವೆ.

ಇಂತಿ,
ಸೀಕ್ವೆನ್ಸಿಂಗ್ ವಿಭಾಗ